ವೀರ್ಯ ಮತ್ತು ವಿಪಾಕ: ಮರುವಾಯಿಯ ವಿಷಬಲವನ್ನು ಜೀವಕೋಶಗಳಿಂದ ಅಳೆಯುವ ಕ್ರಮದ ಒಂದು ವಿಮರ್ಶೆ

ಚಿಪ್ಪುಮೀನಿನಲ್ಲಿ ಸೇರಿಕೊಳ್ಳುವ ವಿಷದ ಬಲವನ್ನು ಸುಂಡಿಲಿಗಳ ಮೇಲೆ ಪರೀಕ್ಷಿಸುವ ಹಳೆಯ ಕ್ರಮವನ್ನು ಬಿಟ್ಟು, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಪರೀಕ್ಷಿಸುವ ಕ್ರಮವನ್ನು ಹಿಡಿಯಬೇಕೆಂಬ ಅಭಿಪ್ರಾಯವು 1988ರಿಂದೀಚೆಗೆ ಬಲಗೊಳ್ಳುತ್ತ ಬಂದಿದೆ. ಈ ಅಭಿಪ್ರಾಯವನ್ನು ಪ್ರಕೃತ ಲೇಖಕನು ಬಹುಮಟ್ಟಿಗೆ ಒಪ್ಪುತ್ತಾನೆ. ಆದರೆ ಒಪ್ಪುವ ಮುನ್ನ ಒಂದು ಪ್ರಶ್ನೆಯನ್ನು ಎತ್ತುವುದು ಅವಶ್ಯ. ವಿಷದ ಬಲವೆಂಬುದು ವಿಷದಲ್ಲಿಯೇ ಇರುವ ಗುಣವೆ? ಅಥವಾ ಅದನ್ನು ಉಣ್ಣುವ ದೇಹಕ್ಕೂ ಅದಕ್ಕೂ ಏರ್ಪಡುವ ಸಂಬಂಧವೆ? ಸಕ್ಕರೆಯ ತೂಕವನ್ನು ಯಾವ ತಕ್ಕಡಿಯಲ್ಲಿಟ್ಟರೂ ಒಂದೇ. ವಿಷದ ಬಲ ಹಾಗಲ್ಲ. ಅದನ್ನು ಅಳೆಯುವ ತಕ್ಕಡಿಯೂ ಒಂದು ಜೀವವೇ ಆಗಿರುವುದರಿಂದ, ತಕ್ಕಡಿ ಬದಲಾದರೆ ತೂಕವೂ ಬದಲಾಗುತ್ತದೆ. ಜೀವಕೋಶ ವಿಧಾನವನ್ನು ಹೊಗಳುವ ಬರಹಗಳಲ್ಲಿ ಈ ಮಾತಿಗೆ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲವೆಂಬುದೇ ಈ ವಿಮರ್ಶೆಗೆ ಕಾರಣ.

ಈ ಚರ್ಚೆ ಸಮುದ್ರತೀರದವರಿಗೆ ಮಾತ್ರ ಸೇರಿದ್ದೆಂದು ವಾಚಕರು ಭಾವಿಸಬಾರದು. ಪುತ್ತೂರು ತಾಲೂಕಿನ ಈಶ್ವರಮಂಗಲವು ಅಡಕೆ ತೋಟಗಳ ನಡುವಣ ಗಡಿಯೂರು; ಅದರಾಚೆಗೆ ಕಾಸರಗೋಡು ಜಿಲ್ಲೆ. ಉಪ್ಪುನೀರಿನ ಅಳಿವೆ ಅಲ್ಲಿಗೆ ಕಾಣುವಷ್ಟು ಹತ್ತಿರದಲ್ಲಿಲ್ಲ. ಆದರೂ ಕರಾವಳಿಯ ಮೀನು ಹೋದಲ್ಲಿಗೆಲ್ಲ ಮರುವಾಯಿಯೂ ಹೋಗುತ್ತದೆ. ಘಟ್ಟದ ಮೇಲಿನ ವಾಚಕರಿಗಾಗಿ ಹೇಳುವುದಾದರೆ, ತುಳುನಾಡಿನಲ್ಲಿ ಮರುವಾಯಿ ಎನ್ನುವುದು ಅಳಿವೆಯ ಮರಳುಕೆಸರಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಪ್ರಾಣಿಯನ್ನು. ಪುಸ್ತಕದ ಕನ್ನಡದಲ್ಲಿ ಅದು ಕಪ್ಪೆಚಿಪ್ಪು. ಅದನ್ನು ತೂಕಕ್ಕಿಂತ ಹೆಚ್ಚಾಗಿ ಲೆಕ್ಕದಲ್ಲಿ ಕೊಳ್ಳುವ ರೂಢಿ. ನೂರು ಮರುವಾಯಿಯನ್ನು ಎಣಿಸಿಕೊಂಡವರು ಅವು ಯಾವ ಅಳಿವೆಯವೆಂದು ಕೇಳುವುದು ಅಪರೂಪ. ಕೇಳಿದರೂ ಮಾರುವವನಿಗೆ ತಿಳಿದಿರಬೇಕೆಂದೇನೂ ಇಲ್ಲ. ಅಳಿವೆಯ ನೀರಿನ ಬಣ್ಣವನ್ನು ಕಣ್ಣಾರೆ ಕಾಣುವ ತೀರವಾಸಿಗೆ ದೊರೆಯುವ ಅಲ್ಪಸ್ವಲ್ಪ ಎಚ್ಚರಿಕೆಯೂ ಗಡಿಯೂರಿನ ಅಡುಗೆಮನೆಗೆ ದೊರೆಯುವುದಿಲ್ಲ.

ಇಂಥ ಎಚ್ಚರಿಕೆ ಏಕೆ ಬೇಕೆಂಬುದಕ್ಕೆ ದೂರದ ನಿದರ್ಶನಗಳನ್ನು ಹುಡುಕಬೇಕಾಗಿಲ್ಲ. 1983ರಲ್ಲಿ ಕುಂಬಳೆಯ ಅಳಿವೆಯ ಮರುವಾಯಿಯನ್ನು ತಿಂದು ಹಲವರು ಆಸ್ಪತ್ರೆ ಸೇರಿದರು. ಒಬ್ಬ ಬಾಲಕ ತೀರಿಕೊಂಡನು. ಪ್ರಾಣಿಯ ಶಾಸ್ತ್ರೀಯ ನಾಮ ಮೆರೆಟ್ರಿಕ್ಸ್ ಕಾಸ್ಟ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದ ಇಡ್ಯ ಕರುಣಾಸಾಗರ, ಇಂದ್ರಾಣಿ ಕರುಣಾಸಾಗರ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪಾರ್ಶ್ವವಾಯುಕಾರಕವಾದ ಚಿಪ್ಪುಮೀನಿನ ವಿಷವೆಂದು ಗುರುತಿಸಿ 1984ರ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ವರದಿಮಾಡಿದರು. ಆ ವರದಿಯ ಶೀರ್ಷಿಕೆಯಲ್ಲಿರುವುದು ಮಂಗಳೂರಿನ ಹೆಸರು. ಚಿಪ್ಪು ಬಂದುದು ಆಗಿನ್ನೂ ಕಣ್ಣಾನೂರು ಜಿಲ್ಲೆಗೆ ಸೇರಿದ್ದ ಕುಂಬಳೆಯಿಂದ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದು ಮರುವರ್ಷ. ರಾಜ್ಯಗಳ ಗಡಿ ವಿಷಕ್ಕೆ ಲೆಕ್ಕವಿಲ್ಲ ಎಂಬುದನ್ನು ಈ ಸಣ್ಣ ಸಂಗತಿಯೇ ತೋರಿಸುತ್ತದೆ. ಇದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ, ತಮಿಳುನಾಡಿನ ವಯಲೂರಿನಲ್ಲಿ ಮೂವರು ಸತ್ತು 85 ಮಂದಿ ಆಸ್ಪತ್ರೆ ಸೇರಿದ್ದರು. 1997ರಲ್ಲಿ ಕೇರಳದ ವಿಳಿಂಞದಲ್ಲಿ, ಬಂಡೆಗೆ ಅಂಟಿ ಬೆಳೆಯುವ ಕಲ್ಲುಮ್ಮಕಾಯಿಯನ್ನು ತಿಂದು ಏಳು ಮಂದಿ ಮಡಿದರು. ಆಸ್ಪತ್ರೆ ಸೇರಿದವರು 500ಕ್ಕೂ ಹೆಚ್ಚು.

ವಿಷ ಚಿಪ್ಪುಮೀನಿನ ಸ್ವಂತದ್ದಲ್ಲ. ಡೈನೋಫ್ಲ್ಯಾಜೆಲೇಟ್‌ಗಳೆಂಬ ಏಕಕೋಶಜೀವಿಗಳು ಅದನ್ನು ತಯಾರಿಸುತ್ತವೆ. ನೀರನ್ನು ಸೋಸಿ ತಿನ್ನುವ ಮರುವಾಯಿ ಆ ಜೀವಿಗಳೊಡನೆ ವಿಷವನ್ನೂ ಕೂಡಿಟ್ಟುಕೊಳ್ಳುತ್ತದೆ, ತಾನು ಮಾತ್ರ ನಿರಾತಂಕವಾಗಿರುತ್ತದೆ. ಇದರಲ್ಲಿ ಮುಖ್ಯವಾದುದು ಸ್ಯಾಕ್ಸಿಟಾಕ್ಸಿನ್. ಅದಕ್ಕೆ ನಿಯೋಸ್ಯಾಕ್ಸಿಟಾಕ್ಸಿನ್, ಗೋನಿಯಾಟಾಕ್ಸಿನ್ ಮುಂತಾದ ದಾಯಾದಿಗಳು ಹಲವಾರು. ಇವೆಲ್ಲವೂ ನರ ಮತ್ತು ಸ್ನಾಯುಗಳ ಜೀವಕೋಶಗಳ ಪೊರೆಯಲ್ಲಿರುವ ಸೋಡಿಯಂ ದ್ವಾರದ ಬಾಯಿಗೆ ಬೆಣೆಯಂತೆ ಕುಳಿತು, ಸೋಡಿಯಂ ಅಯಾನುಗಳು ಒಳಹೋಗದಂತೆ ತಡೆಯುತ್ತವೆ. ಆಗ ನರದ ಸಂದೇಶ ಮುಂದೆ ಸಾಗುವುದಿಲ್ಲ. ತುಟಿ ನಾಲಗೆಗಳು ಜುಮುಗುಟ್ಟುವುದರಿಂದ ಮೊದಲಾಗಿ ಕೈಕಾಲುಗಳ ಬಲ ಕುಂದಿ, ವಿಪರೀತವಾದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಪ್ರತ್ಯೌಷಧವಿಲ್ಲ, ಕೃತಕ ಉಸಿರಾಟದಿಂದ ಒಂದು ಹಗಲು ಒಂದು ರಾತ್ರಿ ಕಳೆಯಿಸಿದರೆ ರೋಗಿ ಸಾಮಾನ್ಯವಾಗಿ ಬದುಕಿಕೊಳ್ಳುತ್ತಾನೆ. ಬೇಯಿಸುವುದರಿಂದ ಈ ವಿಷ ಹಾಳಾಗುವುದಿಲ್ಲ.

ಸುಂಡಿಲಿಯ ಪರೀಕ್ಷೆಯನ್ನು ಕುರಿತು ಈಗಿನ ಬರಹಗಳು ತಾತ್ಸಾರದಿಂದ ಮಾತಾಡುವುದು ವಾಡಿಕೆಯಾಗಿದೆ. ಅದು ನ್ಯಾಯವಲ್ಲ. 1927ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಮುತ್ತ 102 ಮಂದಿ ಕಾಯಿಲೆಬಿದ್ದು ಆರು ಮಂದಿ ಸತ್ತ ಬಳಿಕ, ಸೊಮ್ಮರ್ ಮತ್ತು ಮೇಯರ್ ಎಂಬ ವಿದ್ವಾಂಸರು ಹಲವು ವರ್ಷ ದುಡಿದು 1937ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಆಗ ಶುದ್ಧ ವಿಷ ಯಾರ ಬಳಿಯೂ ಇರಲಿಲ್ಲ, ಅದರ ರಾಸಾಯನಿಕ ರಚನೆ ಯಾರಿಗೂ ತಿಳಿದಿರಲಿಲ್ಲ. ತಿಳಿಯದ ವಸ್ತುವನ್ನು ಅಳೆಯುವುದು ಹೇಗೆ? ಅದು ಮಾಡುವ ಕೆಲಸದಿಂದ. ಇಪ್ಪತ್ತು ಗ್ರಾಂ ತೂಗುವ ಸುಂಡಿಲಿಯನ್ನು ಹದಿನೈದು ನಿಮಿಷದಲ್ಲಿ ಕೊಲ್ಲುವಷ್ಟು ವಿಷಕ್ಕೆ ಒಂದು ಸುಂಡಿಲಿ ಮಾನವೆಂದು ಹೆಸರು. ನೂರು ಗ್ರಾಂ ಮಾಂಸವನ್ನು ದುರ್ಬಲವಾದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಕುದಿಸಿ, ಸಾರವನ್ನು 200 ಮಿಲಿಲೀಟರಿಗೆ ತಂದು, ಅದರಲ್ಲಿ ಒಂದು ಮಿಲಿಲೀಟರನ್ನು ಸುಂಡಿಲಿಯ ಹೊಟ್ಟೆಯೊಳಕ್ಕೆ ಚುಚ್ಚಿ, ಕೊನೆಯ ಏದುಸಿರಿನವರೆಗಿನ ಕಾಲವನ್ನು ಗುರುತಿಸುವುದು ಕ್ರಮ. ಷಾಂಟ್ಸ್ ಮತ್ತು ಅವರ ಸಂಗಡಿಗರು 1957ರಲ್ಲಿ ಶುದ್ಧ ವಿಷವನ್ನು ಬೇರ್ಪಡಿಸಿದ ಮೇಲೆ ಈ ಮಾನವನ್ನು ಮೈಕ್ರೊಗ್ರಾಮಿಗೆ ಹೊಂದಿಸುವುದು ಸಾಧ್ಯವಾಯಿತು. ನೂರು ಗ್ರಾಂ ಮಾಂಸಕ್ಕೆ 80 ಮೈಕ್ರೊಗ್ರಾಂ ಎಂಬ ಮಿತಿ ಜಗತ್ತಿನ ಬಹುಭಾಗದಲ್ಲಿ ಇಂದಿಗೂ ನಿಂತಿರುವುದು ಈ ಕ್ರಮದ ಹೆಗಲ ಮೇಲೆ. ಭಾರತದ ಆಹಾರ ನಿಯಮಗಳಲ್ಲಿರುವುದೂ ಅದೇ ಸಂಖ್ಯೆ.

ದೋಷಗಳೇನೋ ಇವೆ. ಸಾರದಲ್ಲಿರುವ ಉಪ್ಪು ವಿಷದ ಕಾರ್ಯವನ್ನು ತಗ್ಗಿಸುವುದರಿಂದ ಅಲ್ಪಪ್ರಮಾಣದ ವಿಷ ಲೆಕ್ಕಕ್ಕೆ ಕಡಿಮೆಯಾಗಿ ಬೀಳುತ್ತದೆ. ಮಿತಿಯ ಅರ್ಧಕ್ಕಿಂತ ಕೆಳಗಿನದು ಕಾಣುವುದೇ ಇಲ್ಲವೆನ್ನಬಹುದು. ಒಂದೊಂದು ಪ್ರಯೋಗಾಲಯದ ಸುಂಡಿಲಿ ತಳಿಯೂ ಒಂದೊಂದು ಬಗೆ. ಇವೆಲ್ಲಕ್ಕಿಂತ ಮಿಗಿಲಾಗಿ, ಉಸಿರುಕಟ್ಟಿ ಸಾಯುವ ಪ್ರಾಣಿಯ ಎದುರು ಗಡಿಯಾರ ಹಿಡಿದು ಕೂರುವ ಕೆಲಸವನ್ನು ಯಾವ ಅಧ್ಯಾಪಕನೂ ವಿದ್ಯಾರ್ಥಿಯಿಂದ ಮನಸ್ಸಂತೋಷದಿಂದ ಮಾಡಿಸಲಾರ.

ಈ ಹಿನ್ನೆಲೆಯಲ್ಲಿ ಜೀವಕೋಶ ವಿಧಾನ ಬಂದಿತು. ಅದರ ಮೂಲಕಲ್ಪನೆ ನಿಜವಾಗಿಯೂ ಮನೋಹರವಾದದ್ದು. ಅದನ್ನು ಸ್ವಲ್ಪ ಸಾವಧಾನವಾಗಿ ವಿವರಿಸುವುದು ಯುಕ್ತ. ಸೋಡಿಯಂ ದ್ವಾರವನ್ನು ಮುಚ್ಚಿದ ಮಾತ್ರಕ್ಕೆ ಪಾತ್ರೆಯಲ್ಲಿ ಬೆಳೆಯುವ ಜೀವಕೋಶ ಸಾಯುವುದಿಲ್ಲ. ಉಸಿರಾಡಬೇಕಾದ ದೇಹಕ್ಕೆ ಮೃತ್ಯುವಾದ ಸ್ಯಾಕ್ಸಿಟಾಕ್ಸಿನ್, ಒಂಟಿಯಾದ ಜೀವಕೋಶಕ್ಕೆ ಏನೂ ಅಲ್ಲ. ಹಾಗಾದರೆ ಅದರ ಇರವನ್ನು ಜೀವಕೋಶದಿಂದ ತಿಳಿಯುವುದು ಹೇಗೆ? 1988ರಲ್ಲಿ ಜಪಾನಿನ ಕೊಗುರೆ ಮತ್ತು ಅವರ ಸಹವರ್ತಿಗಳು ಸೂಚಿಸಿದ ಉಪಾಯ ಹೀಗಿದೆ. ಮೊದಲು ಜೀವಕೋಶಗಳಿಗೆ ಬೇರೆ ಎರಡು ವಿಷಗಳನ್ನು ಕೊಡುತ್ತಾರೆ. ಒಂದು ವೆರಾಟ್ರಿಡೀನ್, ಇದು ಸೋಡಿಯಂ ದ್ವಾರವನ್ನು ಮುಚ್ಚಲು ಬಿಡದೆ ತೆರೆದಿಡುತ್ತದೆ. ಇನ್ನೊಂದು ಊಬೇನ್, ಆಫ್ರಿಕದ ಬೇಡರು ಬಾಣದ ಮೊನೆಗೆ ಹಚ್ಚುತ್ತಿದ್ದ ಈ ವಿಷ ನಮ್ಮ ಹಿತ್ತಿಲ ಕಣಗಿಲೆಯ ವಿಷದ ಕುಲಕ್ಕೆ ಸೇರಿದ್ದು. ಒಳನುಗ್ಗಿದ ಸೋಡಿಯಂ ಅನ್ನು ಹೊರಚೆಲ್ಲುವ ಪಂಪನ್ನು ಇದು ನಿಲ್ಲಿಸುತ್ತದೆ. ಬಾಗಿಲು ತೆರೆದಿದೆ, ನೀರೆತ್ತುವವನ ಕೈ ಕಟ್ಟಿದೆ; ಜೀವಕೋಶ ಉಬ್ಬಿ ಸಾಯುತ್ತದೆ. ಈಗ ಮರುವಾಯಿಯ ಸಾರವನ್ನು ಸೇರಿಸಿದರೆ, ಅದರಲ್ಲಿ ಸ್ಯಾಕ್ಸಿಟಾಕ್ಸಿನ್ ಇದ್ದಲ್ಲಿ ಅದು ಬಾಗಿಲನ್ನು ಮುಚ್ಚಿ ಜೀವಕೋಶವನ್ನು ಬದುಕಿಸುತ್ತದೆ. ಎಷ್ಟು ಹೆಚ್ಚು ಜೀವಕೋಶಗಳು ಬದುಕಿದವೋ ಅಷ್ಟು ಹೆಚ್ಚು ವಿಷ. ಕೊಲ್ಲುವ ವಿಷ ಇಲ್ಲಿ ಕಾಯುವವನಾಗಿ ಸಾಕ್ಷಿ ನುಡಿಯುತ್ತದೆ.

ಬದುಕಿದವುಗಳನ್ನು ಎಣಿಸುವ ಕ್ರಮ ಬರಬರುತ್ತ ಸುಧಾರಿಸಿತು. ಕೊಗುರೆಯವರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸಿದರು. ಕೆನಡದ ಜೆಲೆಟ್ ಮತ್ತು ಸಂಗಡಿಗರು 1992ರಲ್ಲಿ ಬಣ್ಣಹಾಕಿ ಯಂತ್ರದಿಂದ ಓದಿಸಿದರು. 1993ರಲ್ಲಿ ಮ್ಯಾಂಗರ್ ಮೊದಲಾದವರು ಟೆಟ್ರಜೋಲಿಯಂ ಲವಣವನ್ನು ಬಳಸಿದರು. ಈ ಹಳದಿ ಲವಣವನ್ನು ಜೀವಂತ ಕೋಶ ಮಾತ್ರ ನೇರಿಳೆಬಣ್ಣಕ್ಕೆ ತಿರುಗಿಸಬಲ್ಲದು. ಈ ಬಣ್ಣದ ಕ್ರಮವನ್ನು ಮೂಲದಲ್ಲಿ ಮಾಸ್‌ಮನ್ ಪ್ರಕಟಿಸಿದುದು ಕುಂಬಳೆಯ ದುರಂತ ನಡೆದ 1983ರಲ್ಲಿಯೇ ಎಂಬುದು ಕಾಕತಾಳೀಯವಾದರೂ ನೆನಪಿನಲ್ಲಿ ಉಳಿಯುವಂಥದು. ತೊಂಬತ್ತಾರು ಗುಳಿಗಳ ಒಂದು ತಟ್ಟೆಯಲ್ಲಿ ಒಮ್ಮೆಗೇ ಹಲವು ಮಾದರಿಗಳನ್ನು ಹಲವು ಪ್ರಮಾಣಗಳಲ್ಲಿ ಪರೀಕ್ಷಿಸಬಹುದು. ಸುಂಡಿಲಿಗೆ ಕಾಣದಷ್ಟು ಅಲ್ಪವಾದ ವಿಷವೂ ಇಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಮೇಲಾದ ಗುಣ ಇನ್ನೊಂದಿದೆ: ಹೆಸರು ತಿಳಿಯದ ದಾಯಾದಿ ವಿಷವೊಂದು ಸಾರದಲ್ಲಿದ್ದರೂ, ಅದು ಅದೇ ದ್ವಾರವನ್ನು ಮುಚ್ಚುವುದಾದರೆ, ಜೀವಕೋಶ ಅದನ್ನೂ ಮೊತ್ತದಲ್ಲಿ ಸೇರಿಸಿ ಹೇಳುತ್ತದೆ. ರಾಸಾಯನಿಕ ಯಂತ್ರಗಳು ತಮಗೆ ಮೊದಲೇ ಪರಿಚಯವಾದವನ್ನು ಮಾತ್ರ ಗುರುತಿಸಬಲ್ಲವು. ಈ ಒಂದು ಕಾರಣಕ್ಕಾಗಿಯೇ ಜೀವಕೋಶ ವಿಧಾನ ಗೌರವಕ್ಕೆ ಪಾತ್ರವಾಗಿದೆ.

ಇನ್ನು ಆಕ್ಷೇಪಣೆಗಳು. ಇಲಿಯನ್ನು ಬಿಟ್ಟೆವೆಂದು ಹೊರಟವರು ಇಲಿಯನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ನ್ಯೂರೊ-2ಎ ಎಂಬ ಜೀವಕೋಶಗಳು 1960ರ ದಶಕದಲ್ಲಿ ಬಿಳಿಯ ಸುಂಡಿಲಿಯೊಂದರ ನರಗಂತಿಯಿಂದ ತೆಗೆದವು. ಗಂತಿಯ ಜೀವಕೋಶ ಆರೋಗ್ಯವಂತ ನರವಲ್ಲ. ಮನುಷ್ಯನ ನರವಂತೂ ಅಲ್ಲವೇ ಅಲ್ಲ. ಮೇಲಾಗಿ ಅದು ಪಾತ್ರೆಯಿಂದ ಪಾತ್ರೆಗೆ ತಲೆಮಾರುಗಳನ್ನು ದಾಟಿದಂತೆಲ್ಲ ಊಬೇನ್ ವೆರಾಟ್ರಿಡೀನ್‌ಗಳಿಗೆ ಸ್ಪಂದಿಸುವ ರೀತಿ ಬದಲಾಗುತ್ತ ಹೋಗುತ್ತದೆ. ಒಂದು ಪ್ರಯೋಗಾಲಯದ ತಕ್ಕಡಿ ಇನ್ನೊಂದರದಕ್ಕೆ ಸಮನಾಗಿಲ್ಲವೆಂಬ ಸುಂಡಿಲಿಯ ಮೇಲಿನ ದೂರು ಇಲ್ಲಿಗೂ ತಪ್ಪಿದ್ದಲ್ಲ. ಸೋಡಿಯಂ ದ್ವಾರವೂ ಒಂದೇ ಬಗೆಯದಲ್ಲ. ಸಸ್ತನಿಗಳಲ್ಲಿ ಒಂಬತ್ತು ಬಗೆಗಳಿವೆ. ಮೂಳೆಗೆ ಅಂಟಿದ ಸ್ನಾಯುವಿನದು ಒಂದು ಬಗೆ, ಹೃದಯದ್ದು ಇನ್ನೊಂದು, ನೋವನ್ನು ಒಯ್ಯುವ ನರದ್ದು ಮತ್ತೊಂದು. ಈ ಕೊನೆಯ ಬಗೆಯಲ್ಲಿ ಮನುಷ್ಯನ ದ್ವಾರವು ಇತರ ಸಸ್ತನಿಗಳದಕ್ಕಿಂತ ಸ್ಯಾಕ್ಸಿಟಾಕ್ಸಿನ್‌ಗೆ ಎಷ್ಟೋ ಕಡಿಮೆ ಮಣಿಯುತ್ತದೆಂದು 2012ರಲ್ಲಿ ತಿಳಿದುಬಂದಿತು. ಎರಡೇ ಎರಡು ಅಮೈನೊ ಆಮ್ಲಗಳ ವ್ಯತ್ಯಾಸ ಇಷ್ಟು ದೊಡ್ಡ ಭೇದವನ್ನು ತರುವುದಾದರೆ, ಒಂದು ಪ್ರಾಣಿಯ ಒಂದು ಜೀವಕೋಶದ ಮಾತನ್ನು ಮನುಕುಲದ ಮಾತೆಂದು ಬರೆದಿಡುವಾಗ ಲೇಖನಿ ತುಸು ತಡೆಯಬೇಡವೆ?

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ವಿಧಾನದ ಆ ಮನೋಹರವಾದ ತಿರುವಿನಲ್ಲಿಯೇ ಅಡಗಿದೆ. ಬದುಕೇ ವಿಷದ ಗುರುತಾಗಿರುವ ಪರೀಕ್ಷೆಯಲ್ಲಿ, ಜೀವಕೋಶವನ್ನು ಕೊಲ್ಲುವ ಬೇರೆ ಏನಾದರೂ ಸಾರದಲ್ಲಿದ್ದರೆ ಗತಿಯೇನು? ಸ್ಯಾಕ್ಸಿಟಾಕ್ಸಿನ್ ಬದುಕಿಸಿದ್ದನ್ನು ಅದು ಕೊಲ್ಲುತ್ತದೆ. ಬಣ್ಣ ಬರುವುದಿಲ್ಲ. ಓದುವವನು ವಿಷವಿಲ್ಲವೆಂದು ಬರೆಯುತ್ತಾನೆ. ಸುಂಡಿಲಿಯ ಪರೀಕ್ಷೆ ತಪ್ಪಿದರೆ ಬಹುಮಟ್ಟಿಗೆ ಬೆದರಿಕೆಯ ಕಡೆಗೆ ತಪ್ಪುತ್ತದೆ, ಏಕೆಂದರೆ ಯಾವ ಕಾರಣದಿಂದ ಸತ್ತರೂ ಸುಂಡಿಲಿ ಸತ್ತಂತೆಯೇ. ಉಪ್ಪಿನ ದೋಷವೊಂದೇ ಇದಕ್ಕೆ ಅಪವಾದ. ಜೀವಕೋಶದ ಪರೀಕ್ಷೆ ಭರವಸೆಯ ಕಡೆಗೆ ತಪ್ಪಬಲ್ಲುದು. ಆಹಾರದ ವಿಷಯದಲ್ಲಿ ಎರಡನೆಯ ಬಗೆಯ ತಪ್ಪೇ ಪ್ರಾಣಾಂತಕ. ಇದು ಬರಿಯ ತರ್ಕವಲ್ಲ. ಕರ್ನಾಟಕದ ತೀರದ ಚಿಪ್ಪುಮೀನುಗಳಲ್ಲಿ ಪಾರ್ಶ್ವವಾಯುವಿನ ವಿಷವೂ ಅತಿಸಾರ ತರುವ ಇನ್ನೊಂದು ವಿಷವೂ ಕಂಡುಬಂದಿರುವುದನ್ನು ಕರುಣಾಸಾಗರ ದಂಪತಿಗಳೂ ಅವರ ಸಹವರ್ತಿಯೂ 1989ರಲ್ಲಿಯೇ ಪ್ರಕಟಿಸಿದ್ದಾರೆ. ಈ ಎರಡನೆಯ ವರ್ಗದ ಮುಖ್ಯ ವಿಷವಾದ ಒಕಡೇಯಿಕ್ ಆಮ್ಲವು ಜೀವಕೋಶಗಳನ್ನು ನೇರವಾಗಿ ಕೊಲ್ಲಬಲ್ಲುದು. ಅದು ಎಣ್ಣೆಗುಣದ್ದಾದುದರಿಂದ ಆಮ್ಲನೀರಿನ ಸಾರಕ್ಕೆ ಅಷ್ಟಾಗಿ ಇಳಿಯುವುದಿಲ್ಲವೆಂಬುದು ನಿಜ, ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. ಬಿಸಿಲಲ್ಲಿ ಪಯಣಿಸಿ ಕೆಡಲಾರಂಭಿಸಿದ ಮಾಂಸದ ಸಾರವೂ ಜೀವಕೋಶಗಳಿಗೆ ಹಿತವಾದದ್ದಲ್ಲ. ಇದಕ್ಕೆ ಪರಿಹಾರವುಂಟು. ಊಬೇನ್ ವೆರಾಟ್ರಿಡೀನ್‌ಗಳನ್ನು ಹಾಕದೆ ಸಾರವನ್ನು ಮಾತ್ರ ಹಾಕಿದ ಗುಳಿಗಳನ್ನು ಜೊತೆಯಲ್ಲಿಡಬೇಕು. ಅಲ್ಲಿ ಜೀವಕೋಶಗಳು ಸತ್ತರೆ ಆ ಮಾದರಿಯ ಫಲಿತಾಂಶವನ್ನು ನಂಬಬಾರದು. ಒಳ್ಳೆಯ ಪ್ರಯೋಗಾಲಯಗಳು ಇದನ್ನು ಮಾಡುತ್ತವೆ. ಆದರೆ ವರದಿಯಲ್ಲಿ ಆ ಗುಳಿಗಳ ಸಂಖ್ಯೆಯನ್ನು ಕೊಡದೆ ಕೊನೆಯ ಅಂಕಿಯನ್ನು ಮಾತ್ರ ಕೊಟ್ಟರೆ, ಓದುಗನು ಆ ಅಂಕಿಗೆ ಬೆಲೆಕಟ್ಟುವಂತಿಲ್ಲ.

ಇಲ್ಲಿಗೆ ನಾವು ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇವೆ. ಆಯುರ್ವೇದದ ಗ್ರಂಥಗಳು ದ್ರವ್ಯದ ವಿಚಾರದಲ್ಲಿ ವೀರ್ಯವನ್ನೂ ವಿಪಾಕವನ್ನೂ ಬೇರೆಬೇರೆಯಾಗಿ ಎಣಿಸುತ್ತವೆ. ವೀರ್ಯವು ದ್ರವ್ಯದ ಕಾರ್ಯಶಕ್ತಿ. ವಿಪಾಕವು ಜಠರಾಗ್ನಿಯಲ್ಲಿ ಪಚನವಾದ ಬಳಿಕ ಅದು ತಾಳುವ ಪರಿಣಾಮ. ಪ್ರಾಚೀನರು ಸೋಡಿಯಂ ದ್ವಾರವನ್ನು ಬಲ್ಲವರಾಗಿದ್ದರೆಂದು ನಮ್ಮ ಅಭಿಪ್ರಾಯವಲ್ಲ. ಅಂಥ ಸಮೀಕರಣಗಳಿಂದ ಎರಡು ಶಾಸ್ತ್ರಗಳಿಗೂ ಅಪಚಾರವಾಗುತ್ತದೆ. ಆದರೆ ಭೇದವನ್ನು ಹೇಳಲು ಇಷ್ಟು ಸಿದ್ಧವಾದ ಎರಡು ಪದಗಳು ಕನ್ನಡದಲ್ಲಿ ಬಳಕೆಯಲ್ಲಿರುವಾಗ ಅವನ್ನು ಬಿಟ್ಟು ಹೊಸ ಪದಗಳನ್ನು ಟಂಕಿಸುವುದು ವ್ಯರ್ಥ. ಜೀವಕೋಶ ಅಳೆಯುವುದು ವೀರ್ಯವನ್ನು. ಅದಕ್ಕೆ ನಾಲಗೆಯಿಲ್ಲ, ಜಠರವಿಲ್ಲ, ಕರುಳಿಲ್ಲ, ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ. ಸಾರವನ್ನು ನೇರವಾಗಿ ಅದರ ಮೈಮೇಲೆ ಸುರಿಯುತ್ತೇವೆ. ಮನುಷ್ಯನು ಮರುವಾಯಿಯನ್ನು ಉಣ್ಣುತ್ತಾನೆ. ಉಂಡದ್ದರಲ್ಲಿ ಎಷ್ಟು ರಕ್ತವನ್ನು ಸೇರೀತು, ಎಷ್ಟು ಬೇಗ ಸೇರೀತು, ಎಷ್ಟು ಬೇಗ ಹೊರಬಿದ್ದೀತು ಎಂಬ ವಿಚಾರಗಳಲ್ಲಿ ಜೀವಕೋಶಕ್ಕೆ ಹೇಳುವುದೇನೂ ಇಲ್ಲ.

ಸುಂಡಿಲಿಯೂ ಈ ವಿಷಯದಲ್ಲಿ ನಿರ್ದೋಷಿಯಲ್ಲವೆಂಬುದನ್ನು ಮರೆಯಬಾರದು. ಅದಕ್ಕೆ ವಿಷವನ್ನು ಉಣಿಸುವುದಿಲ್ಲ, ಚುಚ್ಚುತ್ತಾರೆ. ಇದರ ಪರಿಣಾಮ ಎಷ್ಟು ದೂರ ಹಬ್ಬಿದೆಯೆಂಬುದು ಸೋಜಿಗದ ಸಂಗತಿ. ಯುರೋಪಿನಲ್ಲಿ 2019ರ ಜನವರಿ 1ರಿಂದ ಪಾರ್ಶ್ವವಾಯುವಿನ ವಿಷಕ್ಕೆ ಸುಂಡಿಲಿಯ ಬದಲು ರಾಸಾಯನಿಕ ಪೃಥಕ್ಕರಣವೇ ಪ್ರಮಾಣಭೂತವಾದ ಕ್ರಮ. ಯಂತ್ರವು ಒಂದೊಂದು ದಾಯಾದಿ ವಿಷವೂ ಎಷ್ಟೆಷ್ಟಿದೆ ಎಂದು ಹೇಳುತ್ತದೆ. ಆದರೆ ಇಷ್ಟು ನಿಯೋಸ್ಯಾಕ್ಸಿಟಾಕ್ಸಿನ್ ಎಷ್ಟು ಸ್ಯಾಕ್ಸಿಟಾಕ್ಸಿನ್‌ಗೆ ಸಮ ಎಂದು ಯಂತ್ರಕ್ಕೆ ತಿಳಿಯದು. ಅದಕ್ಕಾಗಿ ಪ್ರತಿಯೊಂದು ವಿಷಕ್ಕೂ ಒಂದು ಗುಣಕವನ್ನು ಗೊತ್ತುಮಾಡಿ ಗುಣಿಸುತ್ತಾರೆ. ಯುರೋಪಿನ ಆಹಾರ ಸುರಕ್ಷಾ ಪ್ರಾಧಿಕಾರ 2009ರಲ್ಲಿ ಕೊಟ್ಟ ಗುಣಕಗಳು ಸುಂಡಿಲಿಗೆ ಚುಚ್ಚಿ ಪಡೆದ ಫಲಗಳನ್ನು ಆಧರಿಸಿದವು. ಅಂದರೆ ಸುಂಡಿಲಿಯನ್ನು ಮುಂಬಾಗಿಲಿಂದ ಹೊರಗೆ ಕಳಿಸಿದವರು ಹಿಂಬಾಗಿಲಿಂದ ಒಳಕ್ಕೆ ಕರೆದುಕೊಂಡಿದ್ದಾರೆ. ನ್ಯೂಜಿಲೆಂಡಿನ ಮುಂಡೆ ಮತ್ತು ಸಂಗಡಿಗರು 2013ರಲ್ಲಿ ಚುಚ್ಚುವುದನ್ನೂ ಬಾಯಿಯಿಂದ ಕೊಡುವುದನ್ನೂ ಹೋಲಿಸಿ ನೋಡಿದಾಗ, ವಿಷಗಳ ತಾರತಮ್ಯವೇ ಬದಲಾಯಿಸಿತು. ಬಾಯಿಯಿಂದ ಹೋದಾಗ ನಿಯೋಸ್ಯಾಕ್ಸಿಟಾಕ್ಸಿನ್ ಸ್ಯಾಕ್ಸಿಟಾಕ್ಸಿನ್‌ಗಿಂತ ಬಲವಾದದ್ದೆಂದು ಕಂಡಿತು. 2016ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಗುಣಕಗಳನ್ನು ಪರಿಷ್ಕರಿಸಿದಾಗ, ನಿಯೋಸ್ಯಾಕ್ಸಿಟಾಕ್ಸಿನ್‌ನ ಗುಣಕ ಒಂದರಿಂದ ಎರಡಕ್ಕೆ ಏರಿತು.

ಇದು ಪಂಡಿತರ ಜಗಳವಲ್ಲವೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ನೂರು ಗ್ರಾಂ ಮರುವಾಯಿ ಮಾಂಸದಲ್ಲಿ 50 ಮೈಕ್ರೊಗ್ರಾಂ ನಿಯೋಸ್ಯಾಕ್ಸಿಟಾಕ್ಸಿನ್ ಮಾತ್ರ ಇದೆಯೆಂದು ಇಟ್ಟುಕೊಳ್ಳೋಣ. ಹಳೆಯ ಗುಣಕದಂತೆ ಅದು 50. ಮಿತಿ 80 ಆದುದರಿಂದ ಮಾರಬಹುದು. ಹೊಸ ಗುಣಕದಂತೆ ಅದು 100, ಮಾರಕೂಡದು. ಚಿಪ್ಪು ಅದೇ, ವಿಷ ಅದೇ, ಯಂತ್ರದ ಓದೂ ಅದೇ. ಬದಲಾದುದು ಬಲವೆಂದರೇನೆಂಬ ಕಲ್ಪನೆ ಮಾತ್ರ. ಈಗ ಗುಣಕಗಳನ್ನು ಜೀವಕೋಶಗಳಿಂದಲೇ ಗೊತ್ತುಮಾಡೋಣವೆಂಬ ಸೂಚನೆಗಳು ಬರುತ್ತಿವೆ. ಅವುಗಳ ಹಿಂದಿರುವ ಭೂತದಯೆಯನ್ನು ಗೌರವಿಸುತ್ತಲೇ ಹೇಳಬೇಕಾದುದಿದು: ವೀರ್ಯವನ್ನು ಅಳೆದು ವಿಪಾಕದ ಕೋಷ್ಟಕವನ್ನು ತುಂಬಲಾಗದು. ಜೀವಕೋಶದ ಗುಣಕವೂ ಬಾಯಿಂದ ಪಡೆದ ಗುಣಕವೂ ಒಂದೊಂದು ವಿಷದಲ್ಲಿ ಹೊಂದಿಕೊಂಡರೆ ಅದು ನಮ್ಮ ಅದೃಷ್ಟ. ಹೊಂದುವುದೆಂದು ಮೊದಲೇ ಊಹಿಸಲು ಆಧಾರವಿಲ್ಲ.

ಪಾಕವೆಂಬುದು ಜಠರದಲ್ಲಿ ಮಾತ್ರ ನಡೆಯುವುದೂ ಅಲ್ಲ. ಕೆಲವು ಜಾತಿಯ ಚಿಪ್ಪುಮೀನುಗಳು ತಮ್ಮ ಒಡಲಿನ ಕಿಣ್ವಗಳಿಂದ ವಿಷದ ಅಣುವನ್ನು ಕತ್ತರಿಸಿ ಬೇರೆ ರೂಪಕ್ಕೆ ತಿರುಗಿಸುತ್ತವೆ. ಗಂಧಕದ ಗುಂಪು ಅಂಟಿಕೊಂಡಿರುವ ಕೆಲವು ದಾಯಾದಿ ವಿಷಗಳು ತಾವಾಗಿ ಬಹಳ ದುರ್ಬಲ; ಅವನ್ನು ಬಲವಾದ ಆಮ್ಲದಲ್ಲಿ ಕುದಿಸಿದರೆ ಆ ಗುಂಪು ಕಳಚಿ ಪ್ರಬಲವಾದ ವಿಷ ಹೊರಬೀಳುತ್ತದೆ. ಸಾರವನ್ನು ತೆಗೆಯುವ ಆಮ್ಲ ತುಸು ಹೆಚ್ಚಾದರೆ, ಮರುವಾಯಿಯಲ್ಲಿ ಇಲ್ಲದ ಬಲವನ್ನು ನಾವೇ ಸೃಷ್ಟಿಸಿ ಆಮೇಲೆ ಅದನ್ನು ಬಹು ಸೂಕ್ಷ್ಮವಾಗಿ ಅಳೆದಂತಾಗುತ್ತದೆ. ಪರೀಕ್ಷೆ ಎಷ್ಟು ಸೂಕ್ಷ್ಮವೋ ಅದರ ಮುಂಚಿನ ಪಾತ್ರೆ ತೊಳೆಯುವ ಕೆಲಸವೂ ಅಷ್ಟೇ ಸೂಕ್ಷ್ಮವಾಗಿರಬೇಕೆಂಬುದನ್ನು ವಿದ್ಯಾರ್ಥಿಗಳಿಗೆ ಎಷ್ಟು ಬಾರಿ ಹೇಳಿದರೂ ಸಾಲದು.

ಕುಂಬಳೆಗೆ ಮರಳೋಣ. ಅಲ್ಲಿಯ ಅನುಭವ ವಿಧಾನಗಳ ಬೆಲೆಯನ್ನು ಇನ್ನೊಂದು ಮುಖದಿಂದ ತೋರಿಸುತ್ತದೆ. ಪ್ರಕರಣದ ವರದಿ ಮರುವರ್ಷವೇ ಬಂದಿತು. ಭಾರತದ ಪ್ರಕರಣವೊಂದರ ಚಿಪ್ಪುಮೀನಿನಲ್ಲಿ ಯಾವ ಯಾವ ದಾಯಾದಿ ವಿಷಗಳಿದ್ದವೆಂಬ ರಾಸಾಯನಿಕ ವಿವರ, ಜಪಾನಿನ ಓಷಿಮ ಮತ್ತು ಯಸುಮೊಟೊ ಅವರ ಸಹಯೋಗದಿಂದ, ಪ್ರಕಟವಾದುದು 1990ರಲ್ಲಿ. ಶಾಸ್ತ್ರಕ್ಕೆ ಎರಡೂ ಬೇಕು. ಆದರೆ ಅಳಿವೆಯಲ್ಲಿ ಚಿಪ್ಪು ಆಯುವುದನ್ನು ನಿಲ್ಲಿಸಬೇಕೆ ಬೇಡವೆ ಎಂದು ನಿರ್ಧರಿಸಬೇಕಾದವನಿಗೆ ಆ ದಿನದ ಉತ್ತರ ಬೇಕು. ಸುಂಡಿಲಿಯ ಉತ್ತರ ಒಂದೆರಡು ಗಂಟೆಗಳಲ್ಲಿ ದೊರೆಯುತ್ತದೆ. ಜೀವಕೋಶಗಳನ್ನು ಹಿಂದಿನ ದಿನವೇ ತಟ್ಟೆಯಲ್ಲಿ ಬಿತ್ತಿ, 37 ಡಿಗ್ರಿಯ ಶಾಖದಲ್ಲಿ, ನೂರಕ್ಕೆ ಐದರಷ್ಟು ಇಂಗಾಲಾಮ್ಲವಿರುವ ಪೆಟ್ಟಿಗೆಯಲ್ಲಿಟ್ಟು ಬೆಳೆಸಿ, ಸಾರ ಹಾಕಿದ ಮೇಲೆ ಮತ್ತೆ ಸುಮಾರು ಒಂದು ದಿನ ಕಾಯಬೇಕು. ಆ ಪೆಟ್ಟಿಗೆಗೆ ವಿದ್ಯುತ್ತು ತಪ್ಪಕೂಡದು. ಮಳೆಗಾಲದ ದಕ್ಷಿಣ ಕನ್ನಡವನ್ನು ಬಲ್ಲವರಿಗೆ ಈ ಷರತ್ತಿನ ಭಾರ ತಿಳಿದೀತು. ಅಷ್ಟರಲ್ಲಿ ಮರುವಾಯಿ ಗಡಿಯೂರಿನ ಅಡುಗೆಮನೆಯಲ್ಲಿ ಬೆಂದು, ಬಡಿಸಿ, ಪಾತ್ರೆ ತೊಳೆದೂ ಆಗಿರುತ್ತದೆ. ಆದುದರಿಂದ ಈ ವಿಧಾನದ ಸ್ಥಾನ ಮಾರುಕಟ್ಟೆಯ ಬಾಗಿಲಲ್ಲಲ್ಲ, ಅಳಿವೆಯಲ್ಲಿ. ವಾರವಾರವೂ ಅದೇ ನೆಲೆಗಳಿಂದ ಚಿಪ್ಪುಗಳನ್ನು ತಂದು ನೋಡುತ್ತಿದ್ದರೆ, ಸುಂಡಿಲಿಗೆ ಇನ್ನೂ ಕಾಣದ ಹಂತದಲ್ಲಿಯೇ ವಿಷ ಏರತೊಡಗಿದ್ದನ್ನು ಜೀವಕೋಶ ತೋರಿಸಿಕೊಡುತ್ತದೆ. ಅಲ್ಲಿ ಮನುಷ್ಯನಿಗೆ ಅದು ಎಷ್ಟು ಬಲವಾದದ್ದೆಂಬ ಪ್ರಶ್ನೆಯೇ ಇಲ್ಲ. ಕಳೆದ ವಾರಕ್ಕಿಂತ ಈ ವಾರ ಹೆಚ್ಚೆ ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆಗೆ ಅದರಷ್ಟು ಚೆನ್ನಾಗಿ ಉತ್ತರಿಸುವ ಸಾಧನ ಬೇರೊಂದು ಇಲ್ಲವೆಂದೇ ನಮ್ಮ ಮತ.

ಇದೇ ನ್ಯಾಯದಿಂದ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬಹುದಾದ ಒಂದು ವಿಷಯವನ್ನು ಸೂಚಿಸಬಯಸುತ್ತೇವೆ. ಸ್ಯಾಕ್ಸಿಟಾಕ್ಸಿನ್ ನೀರಿನಲ್ಲಿ ಕರಗುವ ವಸ್ತು. ಚಿಪ್ಪನ್ನು ಬೇಯಿಸಿದಾಗ ಅದರಲ್ಲಿ ಒಂದು ಭಾಗ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲುವ ದೇಶಗಳ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. ತುಳುನಾಡಿನ ಅಡುಗೆಯಲ್ಲಿ ಮರುವಾಯಿಯ ರುಚಿಯೆಲ್ಲ ಆ ನೀರಿನಲ್ಲಿದೆಯೆಂದು ಅದನ್ನು ಮಸಾಲೆಗೆ ಸೇರಿಸುವವರುಂಟು. ಮರುವಾಯಿ ಪುಂಡಿಯಲ್ಲಿ ಅಕ್ಕಿಯ ಉಂಡೆಗಳು ಆ ರಸವನ್ನು ಹೀರಿಕೊಳ್ಳುತ್ತವೆ. ಮಾಂಸವನ್ನು ಮಾತ್ರ ಅಳೆದು ನಿಗದಿಮಾಡಿದ ಮಿತಿ, ಮಾಂಸಕ್ಕಿಂತ ಪುಂಡಿಯನ್ನು ಹೆಚ್ಚು ತಿನ್ನುವ ಮಗುವಿಗೆ ಎಷ್ಟು ಅನ್ವಯಿಸುತ್ತದೆ? ಮಾಂಸ, ರಸ, ಪುಂಡಿ ಈ ಮೂರರಲ್ಲಿ ವಿಷ ಹೇಗೆ ಹಂಚಿಹೋಗುತ್ತದೆಂಬುದನ್ನು ಒಂದೇ ದಿನ, ಒಂದೇ ತಟ್ಟೆಯಲ್ಲಿ, ಒಂದೇ ತಲೆಮಾರಿನ ಜೀವಕೋಶಗಳ ಮೇಲೆ ಹೋಲಿಸಿ ನೋಡಬಹುದು. ಇಲ್ಲಿ ಬೇಕಾದುದು ಪಾಲುಗಳ ಅನುಪಾತವೇ ಹೊರತು ಮನುಷ್ಯನಿಗೆ ತಗುಲುವ ಬಲವಲ್ಲ. ಅಕ್ಕಿ, ತೆಂಗಿನಕಾಯಿ, ಮೆಣಸು, ಹುಣಸೆಗಳನ್ನು ಮಾತ್ರ ಹಾಕಿ, ವಿಷವಿಲ್ಲದ ಮರುವಾಯಿಯಿಂದ ಮಾಡಿದ ಅಡುಗೆಯ ಸಾರ ಜೀವಕೋಶಗಳನ್ನು ಕೊಲ್ಲುವುದಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಸ್ಯಾಕ್ಸಿಟಾಕ್ಸಿನ್ ರಾಸಾಯನಿಕ ಅಸ್ತ್ರಗಳ ಒಡಂಬಡಿಕೆಯ ಮೊದಲನೆಯ ಪಟ್ಟಿಯಲ್ಲಿ ಸೇರಿರುವ ವಸ್ತುವಾದುದರಿಂದ, ಶುದ್ಧ ವಿಷವನ್ನು ಕಾಲೇಜು ತಾನಾಗಿ ತರಿಸಿಟ್ಟುಕೊಳ್ಳುವಂತಿಲ್ಲ. ಅಧಿಕೃತವಾದ ಪ್ರಯೋಗಾಲಯವೊಂದರ ಸಂಗಡವೇ ಈ ಕೆಲಸ ನಡೆಯಬೇಕು. ಅಡುಗೆಯ ಕ್ರಮವನ್ನಾದರೋ ಪುಸ್ತಕದಿಂದ ತೆಗೆದುಕೊಳ್ಳದೆ, ಈಶ್ವರಮಂಗಲ ಮತ್ತು ಕುಂಬಳೆಯ ನಾಲ್ಕಾರು ಮನೆಗಳ ಹಿರಿಯ ಹೆಂಗಸರನ್ನು ಕೇಳಿ, ನೀರಿನ ಅಳತೆ ಸಮೇತ ಬರೆದುಕೊಂಡು ಬರಬೇಕು.